ಮಹಡಿ ಏರುವ ಕೆಂಪು ದೀಪ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಸತ್ತವರ ವಿಷಯವನ್ನು ವಾರವಾರವೂ ತುಂಡು ಮಾಡಿ ಹೇಳುವ ಧೈರ್ಯ ನನ್ನಂಥ ಬಸ್ ಡ್ರೈವರಿಗೆ ಇರಬಾರದು. ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತಾ ಕಲಿತ ಬರವಣಿಗೆ ನನ್ನದು. ತಪ್ಪು ಕಂಡಲ್ಲಿ ತಿದ್ದಿಕೊಂಡು ಓದಿ. ನಾನು ಸುಮ್ಮನಿದ್ದರೆ ನನ್ನ ಭಾವ ಕುಡಿದು ಬಿದ್ದು ಸತ್ತವರಾಗಿಯೇ ಉಳಿಯುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ.

ಹೊಸಬರಿಗೆ ಒಂದೇ ಮಾತು: ವಿಮಾನಗಳಿಗೆ ಕಾಣಲೆಂದು ಎತ್ತರದ ಕಟ್ಟಡಗಳ ನೆತ್ತಿಯಲ್ಲಿ ಉರಿಯುವ ಕೆಂಪು ದೀಪಗಳನ್ನು ನೋಡಿಕೊಳ್ಳುತ್ತಿದ್ದ ಭಾವ, ಫ್ಲೈಓವರ್ ಪಕ್ಕದ ಅರೆಕಟ್ಟಿದ ಕಟ್ಟಡದಿಂದ ಬಿದ್ದು ಎರಡು ತಿಂಗಳಾಗಿತ್ತು, ಈಗ ಅಲ್ಲಿಯ ದೀಪ ತಾನಾಗಿಯೇ ಮೇಲೆ ಹತ್ತುತ್ತಿತ್ತು.

"ಎಲ್ರೀ? ನನಗೇನೂ ಕಾಣ್ತಿಲ್ಲ" ಎಂದರು ಸಬ್‌ಇನ್ಸ್‌ಪೆಕ್ಟರ್ ಮೇಡಂ.

ಅವರು ಏರ್‌ಪೋರ್ಟ್ ಠಾಣೆಯವರು. ಭಾವನ ಸಾವಿನ ಫೈಲ್ ಅವರ ಕೈಯಲ್ಲಿತ್ತು. ಅವತ್ತು ಸಂಜೆ ಮಫ್ತಿಯಲ್ಲಿ ನನ್ನ ಏರ್‌ಪೋರ್ಟ್ ಬಸ್ ಹತ್ತಿ, ನನ್ನ ಸೀಟಿನ ಹಿಂದಿನ ಕಂಬ ಹಿಡಿದು ನಿಂತಿದ್ದರು.

"ಇನ್ನೂ ಮುಂದೆ, ಮೇಡಂ. 'ದಡ್' ಅನ್ನುತ್ತೆ, ಆಗ ನೋಡಿ."

ಫ್ಲೈಓವರಿನ ಇಳಿಜಾರು ಶುರುವಾಗುವಲ್ಲಿ ಕಬ್ಬಿಣದ ಒಂದು ಜೋಡಣೆಯಿದೆ. ಮುಂದಿನ ಚಕ್ರ ಅದರ ಮೇಲೆ ಹಾದಾಗ ಇಡೀ ಬಸ್ ದಡ್ ಎನ್ನುತ್ತದೆ. ನಾನು ಬ್ರೇಕಿನ ಮೇಲೆ ಕಾಲಿಡುವುದು ಅಲ್ಲೇ. ಬಿಸಿಲು ತಡೆಯಲು ಮುಂದಿನ ಗಾಜಿನ ಮೇಲ್ಭಾಗಕ್ಕೆ ಕಪ್ಪು ಪಟ್ಟಿ ಅಂಟಿಸಿದ್ದಾರೆ. ಆ ಜೋಡಣೆಯ ಮೇಲಿದ್ದಾಗ ಕಟ್ಟಡದ ಕೆಂಪು ದೀಪ ಪಟ್ಟಿಯಿಂದ ಒಂದು ಗೇಣು ಕೆಳಗೆ ಕಾಣುತ್ತಿತ್ತು. ಹೋದ ವಾರ ಪಟ್ಟಿಯ ಅಂಚಿಗೆ ತಾಗಿತು. ಮೊನ್ನೆಯಿಂದ ಪಟ್ಟಿಯ ಒಳಗೇ ಹೋಗಿ ಕೂತಿದೆ.

ಮೊದಲು ನನ್ನನ್ನೇ ನಾನು ನಂಬಲಿಲ್ಲ. ಡಿಪೋದಲ್ಲಿ ಸೀಟಿಗೆ ಹೊಸ ಕುಶನ್ ಹಾಕಿದ್ದರು; ನಾನೇ ಎತ್ತರವಾಗಿ ಕೂತಿದ್ದೇನೆ, ಅದಕ್ಕೇ ಹೀಗೆ ಎಂದುಕೊಂಡೆ. ಹಳೇ ಕುಶನ್ ವಾಪಸ್ ಕೊಡಿ ಎಂದು ಕೇಳಲು ಹೋದರೆ ಮೆಕ್ಯಾನಿಕ್ ಬಿದ್ದೂ ಬಿದ್ದೂ ನಕ್ಕ. "ಮೂವತ್ತು ಡ್ರೈವರ್‌ಗಳು ಹೊಸ ಕುಶನ್ ಕೊಡು ಅಂತ ನನ್ನ ಪ್ರಾಣ ತಿಂತಾರೆ. ಬೇಡ ಅಂತ ಅತ್ತವನು ನೀನೊಬ್ಬನೇ ಮಾರಾಯ."

ದಡ್.

ಅಷ್ಟರಲ್ಲಿ ಮುಂದಿನ ವಾಹನಗಳೆಲ್ಲ ನಿಂತವು. ನಮ್ಮ ಊರು ಹೀಗೇ. ರಸ್ತೆ ಅಗಲವಾದಷ್ಟೂ ಗಾಡಿ ಹೆಚ್ಚು. ಮೊದಲು ದಿನಕ್ಕೆ ಎರಡು ವಿಮಾನ ಬರುತ್ತಿದ್ದಾಗ ಅರ್ಧ ಗಂಟೆಯಲ್ಲಿ ಏರ್‌ಪೋರ್ಟ್ ಮುಟ್ಟುತ್ತಿದ್ದೆವು. ಈಗ ಆಕಾಶದಲ್ಲೂ ಸಾಲು, ನೆಲದ ಮೇಲೂ ಸಾಲು.

"ಏಳ್ರೀ ಸ್ವಲ್ಪ" ಎಂದರು ಮೇಡಂ.

"ಅಯ್ಯೋ, ಸೀಟ್ ಬಿಡೋ ಹಾಗಿಲ್ಲ ಮೇಡಂ..."

"ಹ್ಯಾಂಡ್‌ಬ್ರೇಕ್ ಹಾಕಿ. ಏಳಿ."

ಎದ್ದೆ. ಅವರು ನನ್ನ ಸೀಟಿನಲ್ಲಿ ಕೂತು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡರು, ಸ್ಟೇರಿಂಗ್ ಮುಟ್ಟಿದರೆ ಕಚ್ಚೀತು ಎನ್ನುವ ಹಾಗೆ. ಹಿಂದಿನಿಂದ ಸೂಟ್‌ಕೇಸ್ ತಬ್ಬಿಕೊಂಡಿದ್ದ ಹೆಂಗಸು ಕೂಗಿದಳು: "ಕಂಡಕ್ಟ್ರೇ, ಇಲ್ಲೇ ಡ್ರೈವಿಂಗ್ ಕಲಿಸ್ತಿದ್ದೀರಾ? ನನ್ನ ಫ್ಲೈಟ್ ಹೋದ್ರೆ ನೀವೇ ಹೊತ್ಕೊಂಡು ಹಾರಬೇಕು!"

"ರೆಕ್ಕೆ ಡಿಪೋದಲ್ಲಿ ರಿಪೇರಿಗೆ ಕೊಟ್ಟಿದೀವಿ ಅಮ್ಮಾ" ಎಂದ ಕಂಡಕ್ಟರ್.

ಬಸ್ಸೆಲ್ಲ ನಕ್ಕಿತು. ಮೇಡಂ ನಗಲಿಲ್ಲ.

"ನಾನು ನಿಮಗಿಂತ ಗಿಡ್ಡ. ನನಗೂ ದೀಪ ಪಟ್ಟಿ ಒಳಗೇ ಕಾಣ್ತಿದೆ. ತಪ್ಪು ಕುಶನ್‌ದಲ್ಲ."

ಅದೇ ಹೊತ್ತಿಗೆ ವಿಮಾನ ಬಂತು. ನಮ್ಮ ತಲೆಯ ಮೇಲೇ, ಹೊಟ್ಟೆಯ ತಿರುಪುಗಳು ಕಾಣುವಷ್ಟು ಕೆಳಗೆ. ಅದರ ಬೆಳಕು ಕಟ್ಟಡದ ನೆತ್ತಿಯನ್ನು ಒಮ್ಮೆ ಸವರಿಕೊಂಡು ಹೋಯಿತು. ಕಿಟಕಿ ಬಾಗಿಲುಗಳಿಲ್ಲದ ಮಹಡಿಗಳು, ಕಣ್ಣು ಕಿತ್ತ ಮುಖಗಳ ಹಾಗೆ, ಒಂದರ ಮೇಲೊಂದು. ಎಲ್ಲಕ್ಕಿಂತ ಮೇಲೆ ಕೆಂಪು ದೀಪ. ಅದರ ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ.

ಮೇಡಂ ಎದ್ದರು. "ದೀಪ ಯಾಕೆ ಮೇಲೆ ಹತ್ತಿತು ಅಂತ ನೀವು ಹೆದರ್ತಿದ್ದೀರಿ. ಅದು ಈಗ ಇರಬೇಕಾದ ಜಾಗದಲ್ಲಿದೆ. ಇಷ್ಟು ದಿನ ಎರಡು ಮಹಡಿ ಕೆಳಗೆ ಯಾಕಿತ್ತು? ಅದನ್ನ ಕೇಳಿ."

ಮುಂದಿನ ಗಾಡಿಗಳು ಹೊರಟಿದ್ದವು. ಹಿಂದೆ ಹಾರ್ನ್‌ಗಳು ಬೊಬ್ಬೆ ಹೊಡೆಯುತ್ತಿದ್ದವು.

ಮಾರನೆಯ ದಿನ ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಪಂಕ್ಚರ್ ಅಂಗಡಿಯ ಮೇಲೆ ಎರಡು ಕೋಣೆ. ವಿಮಾನಗಳು ಇಳಿಯುವ ದಾರಿ ಆ ಮನೆಯ ಮೇಲೇ ಇದೆ. ವಿಮಾನ ಬಂದಾಗ ಆ ಮನೆಯಲ್ಲಿ ಯಾರೇ ಆಗಲಿ ಮಾತು ಅರ್ಧಕ್ಕೆ ನಿಲ್ಲಿಸುತ್ತಾರೆ, ಹೋದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಾರೆ. ಜಗಳವನ್ನೂ ಹಾಗೇ ಆಡುತ್ತಿದ್ದರು ಅಕ್ಕ ಭಾವ. ಬೈಗುಳದ ನಡುವೆ ಭಾವ ಬೆರಳೆತ್ತಿ ಕಾಯುತ್ತಿದ್ದರು. ಸದ್ದು ಹೋದ ಮೇಲೆ "ಹೂಂ, ಈಗ ಬೈಯಿ" ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ಅಕ್ಕನಿಗೆ ನಗು ಬಂದಿರುತ್ತಿತ್ತು.

ಅಡುಗೆಮನೆಯಲ್ಲಿ ಪಾತ್ರೆ ಒಣಗಿಸುವ ಜಾಲರಿಯ ಮೇಲೆ ಲೋಟಗಳ ಪಕ್ಕದಲ್ಲೇ ದೀಪಗಳ ಕೆಂಪು ಗಾಜುಗಳು ಬೋರಲು ಬಿದ್ದಿದ್ದವು. ಕೆಲಸ ಕೊಟ್ಟವರು ಭಾವನ ಸಾಮಾನೆಲ್ಲ ವಾಪಸ್ ಕೇಳಿರಲಿಲ್ಲ. ಅಕ್ಕ ಇನ್ನೂ ಅವನ್ನು ತೊಳೆಯುತ್ತಿದ್ದಳು.

"ಯಾರಿಗಕ್ಕ ಇದು?"

"ಧೂಳು ಕೂತ್ರೆ ಅವರಿಗೆ ಆಗಲ್ಲ" ಎಂದಳು, ಅವರು ಪಕ್ಕದ ಕೋಣೆಯಲ್ಲಿದ್ದಾರೆ ಎನ್ನುವ ಹಾಗೆ.

ಕಿಟಕಿಯ ಹಲಗೆಯ ಮೇಲೆ ಒಂದು ದೀಪ ಇತ್ತು. ಕಟ್ಟಡದ ಮೇಲಿರುವಂಥದ್ದೇ. ಕರೆಂಟು ಬೇಡದ್ದು, ಹಗಲೆಲ್ಲ ಬಿಸಿಲು ಕುಡಿದು, ಕತ್ತಲಾದಾಗ ತಾನೇ ಹೊತ್ತಿಕೊಳ್ಳುವುದು. ಮೇಲ್ಗಡೆ ಅಂಗೈಯಷ್ಟು ಅಗಲದ ಕಪ್ಪು ಹಲಗೆ. ಅಕ್ಕ ಅದರ ಮೇಲೆ ಕೈಯಿಟ್ಟಳು. ತಕ್ಷಣ ಕೆಂಪು ಬೆಳಕು ಅವಳ ಮಣಿಕಟ್ಟಿಗೆ ಹತ್ತಿತು. ಕೈ ತೆಗೆದಳು, ಆರಿತು.

"ಹೀಗೇ ಪರೀಕ್ಷೆ ಮಾಡ್ತಿದ್ರು. ಅಂಗೈ ಮುಚ್ಚಿದ್ರೆ ಅದು ರಾತ್ರಿ ಆಯ್ತು ಅಂದ್ಕೊಳ್ಳುತ್ತೆ, ಪಾಪ." ಮತ್ತೆ ಕೈಯಿಟ್ಟಳು. "ಸರಿಯಿದ್ರೆ ಕಂಬಕ್ಕೆ ಒಂದು ಬಟ್ಟೆ ಚೂರು ಕಟ್ಟಿ ಇಳಿಯೋರು. ಆಮೇಲೆ ಸ್ಕೂಟರಲ್ಲಿ ಹೋಗ್ತಾ ಕೆಳಗಿಂದಲೇ ನೋಡೋರು. ಬಟ್ಟೆ ಹಾರ್ತಿದ್ರೆ ಆ ದೀಪ ನೋಡಿ ಆಗಿದೆ ಅಂತ. ನನ್ನ ದಿಂಬಿನ ಚೀಲ, ಒರೆಸೋ ಬಟ್ಟೆ, ಎಲ್ಲಾ ಊರಿನ ತಲೆ ಮೇಲಿದೆ ಕಣೋ."

"ಅಕ್ಕಾ, ಮೇಡಂ ಹೇಳಿದ್ರು. ಈ ವಾರ ಫೈಲ್ ಮುಚ್ಚೋಕೆ ಮೇಲಿಂದ..."

ವಿಮಾನ ಬಂತು. ಇಬ್ಬರೂ ಕಾದೆವು. ಜಾಲರಿಯ ಮೇಲೆ ಕೆಂಪು ಗಾಜುಗಳು ಗಲಗಲ ನಡುಗಿದವು.

"...ಒತ್ತಡ ಇದೆಯಂತೆ. ಕುಡಿದು ಬಿದ್ದರು ಅಂತ ಬರೆದು ಮುಗಿಸ್ತಾರೆ."

"ಕೆಮ್ಮಿನ ಔಷಧಿಯನ್ನೇ ಮೂರು ಸಲ ಮೂಸಿ ನೋಡಿ, ನಾಳೆ ಹತ್ತೋ ಕೆಲಸ ಇದೆ ಬೇಡ ಅಂತ ಚೆಲ್ಲಿದ ಮನುಷ್ಯ ಅವರು!" ಅಕ್ಕ ದೀಪದ ಮೇಲಿಂದ ಕೈ ಕಿತ್ತಳು. "ನಿನ್ನೆ ನಲ್ಲಿ ಹತ್ರ ಒಬ್ಬಳು ಇನ್ನೊಬ್ಬಳಿಗೆ ದಾರಿ ಹೇಳ್ತಿದ್ಲು, ಆ ಕುಡುಕನ ಹೆಂಡತಿ ಮನೆ ಇದೆಯಲ್ಲ, ಅದರ ಎದುರು ಅಂತ. ನನ್ನ ಮನೆ ಈಗ ಅದೇ ಗುರುತು. ಮೇಲೆ ದೀಪ ಇಟ್ಟು ಊರಿಗೆಲ್ಲ ಗುರುತು ಮಾಡಿಕೊಟ್ಟೋರಿಗೆ ಇದಾ?"

ಕಣ್ಣು ತಪ್ಪಿಸಲು ಕಿಟಕಿ ನೋಡಿದೆ. ಬಿಸಿಲು ಬೀಳುತ್ತದೆಂದು ಹೋದ ತಿಂಗಳು ನಾನೇ ತಂದು ಹಾಕಿದ ಪರದೆ, ಹಸಿರಿನ ಮೇಲೆ ಹಳದಿ ಚುಕ್ಕಿಯದು, ಒಂದು ಬದಿಯಲ್ಲಿ ಮೋಟಾಗಿತ್ತು. ಇಲಿ ಕಡಿದಿರಬೇಕು, ಅದಕ್ಕೇ ಅಕ್ಕ ಕತ್ತರಿಸಿರಬೇಕು ಎಂದುಕೊಂಡೆ. ಅವಳು ಬೇಗ ಬಂದು ಪರದೆ ಪಕ್ಕಕ್ಕೆ ಸರಿಸಿ, "ಟೀ ಕುಡಿ" ಎಂದಳು.

ಅವತ್ತೇ ಮಧ್ಯಾಹ್ನ, ಸುಡುಬಿಸಿಲಿನಲ್ಲಿ, ಮೇಡಂ ಮತ್ತು ನಾನು ಕಟ್ಟಡದ ಆವರಣದಲ್ಲಿದ್ದೆವು. ನನ್ನನ್ನು ಯಾಕೆ ಕರೆದರೋ ಗೊತ್ತಿಲ್ಲ. "ಸತ್ತವರ ಕಡೆಯವರು ಎದುರಿಗಿದ್ದರೆ ಸುಳ್ಳು ಹೇಳೋರ ಗಂಟಲು ಒಣಗುತ್ತೆ" ಎಂದರು, ಅಷ್ಟೇ.

ಸೈಟ್ ಇಂಜಿನಿಯರ್ ಬೀಗದ ಕೈಗೊಂಚಲು ಹಿಡಿದು ಬಂದರು. ಇಸ್ತ್ರಿ ಮಾಡಿದ ಅಂಗಿ, ನಿದ್ದೆಯಿಲ್ಲದ ಕಣ್ಣು. ಕೆಲಸ ನಿಂತುಹೋಗಿದ್ದ ಸೈಟಿನಲ್ಲಿ ಅವರೊಬ್ಬರೇ.

ಅವರ ಆಫೀಸು ಒಂದು ತಗಡಿನ ಕೋಣೆ. ಮೇಜಿನ ಮೇಲೆ ರಟ್ಟಿನಲ್ಲಿ ಮಾಡಿದ ಕಟ್ಟಡದ ಮಾದರಿ. ಪುಟ್ಟ ಮರಗಳು, ಪುಟ್ಟ ಕಾರುಗಳು, ನೆತ್ತಿಯಲ್ಲಿ ಮೆಣಸಿನ ಕಾಳಿನಷ್ಟು ಕೆಂಪು ಬಲ್ಬು. ಮೇಡಂ ಅದರ ಮಹಡಿಗಳ ಮೇಲೆ ಬೆರಳು ಓಡಿಸಿ, ಬಾಗಿಲಿನಿಂದ ಹೊರಗೆ ನಿಜವಾದ ಕಟ್ಟಡ ನೋಡಿದರು. ಮತ್ತೆ ಬೆರಳು ಓಡಿಸಿದರು.

"ಇಂಜಿನಿಯರೇ, ನಿಮ್ಮ ಮಾದರಿ ಬಡವಾಗಿದೆ. ಹೊರಗಡೆ ಎರಡು ಮಹಡಿ ಜಾಸ್ತಿ ಇವೆ."

"ಅದು... ನೀರಿನ ಟ್ಯಾಂಕಿಗೆ ಮೇಡಂ."

"ಟ್ಯಾಂಕಿಗೆ ಬಾಲ್ಕನಿ ಯಾಕ್ರೀ? ನೀರು ಸಂಜೆ ಗಾಳಿಗೆ ಬಂದು ನಿಲ್ಲುತ್ತಾ?"

ಅವರು ಮೆಟ್ಟಿಲಿನ ಕಡೆಗೆ ತಿರುಗಿದರು. ಕೈಗೊಂಚಲು ಸದ್ದು ಮಾಡುತ್ತಿತ್ತು.

ಹತ್ತಿದೆವು. ಮೆಟ್ಟಿಲಿಗೆ ಕಂಬಿಯಿಲ್ಲ. ನಾನು ಗೋಡೆಗೆ ಅಂಟಿಕೊಂಡು, ಭಾವನ ಕಾಲು ಈ ಮೆಟ್ಟಿಲ ಮೇಲೆ ಬಿದ್ದಿತ್ತು, ಇದರ ಮೇಲೂ ಬಿದ್ದಿತ್ತು ಎಂದುಕೊಳ್ಳುತ್ತಾ ಹತ್ತಿದೆ. ಗಾಳಿ ಖಾಲಿ ಕೋಣೆಗಳಲ್ಲಿ ಹೊಕ್ಕು ಹೊರಡುತ್ತಿತ್ತು. ಒಂದೆರಡು ಸಲ ನಮ್ಮ ಹಿಂದೆ ಇನ್ನೊಬ್ಬರು ಹತ್ತುತ್ತಿದ್ದಾರೆ ಅನ್ನಿಸಿ ತಿರುಗಿ ನೋಡಿದೆ. ನಮ್ಮ ಸದ್ದೇ ಮೇಲೆ ಬರುತ್ತಿತ್ತು.

ಮೆಟ್ಟಿಲು ನೆತ್ತಿಗೆ ಒಂದು ಮಹಡಿ ಮೊದಲೇ ಮುಗಿಯಿತು. ಅಲ್ಲಿಂದ ಮೇಲಕ್ಕೆ ಹೋಗಲು ಚಾವಣಿಯಲ್ಲಿ ಒಂದು ಚೌಕದ ಬಾಯಿ, ಅಷ್ಟೇ. ಆ ಬಾಯಿಯಲ್ಲಿ ಆಕಾಶ ಕಾಣುತ್ತಿತ್ತು. ಆಕಾಶಕ್ಕೆ ಅಡ್ಡವಾಗಿ, ಅಂಚಿನಲ್ಲಿ ನಿಲ್ಲಿಸಿದ ದೀಪದ ಗಿಡ್ಡ ಕಂಬ. ದೀಪ ಆರಿತ್ತು. ಹಗಲಲ್ಲವೇ.

"ಏಣಿ ಎಲ್ಲಿ?" ಎಂದೆ ನಾನು.

"ನಮ್ಮ ಠಾಣೆಯಲ್ಲಿದೆ" ಎಂದರು ಮೇಡಂ. "ನಿಮ್ಮ ಭಾವ ಬಿದ್ದ ದಿನವೇ ಸಾಕ್ಷಿ ಅಂತ ತಗೊಂಡು ಹೋಗಿ ಬೀಗ ಹಾಕಿದ್ದೀವಿ. ಇಂಜಿನಿಯರೇ, ಬೇರೆ ಏಣಿ ಇದೆಯಾ?"

"ಇಲ್ಲ ಮೇಡಂ."

"ಬೇರೆ ದಾರಿ?"

"ಇಲ್ಲ."

"ಹಾಗಿದ್ರೆ ದೀಪ ಮೇಲೆ ಹೇಗೆ ಹೋಯ್ತು?"

ಇಂಜಿನಿಯರ್ ಒಮ್ಮೆಯೂ ಮೇಲೆ ನೋಡಿರಲಿಲ್ಲ. ಅದನ್ನು ಆಗ ಗಮನಿಸಿದೆ. ಆ ಬಾಯಿಯ ಕೆಳಗೆ ನಿಲ್ಲದೆ ಗೋಡೆಯ ಬದಿಗೇ ಇದ್ದರು.

ಮೇಡಂ ದನಿ ತಗ್ಗಿಸಿದರು. "ಅವತ್ತು ನೀವು ಸೈಟಲ್ಲಿ ಇರಲಿಲ್ಲ ಅಂತ ಹೇಳಿಕೆ ಕೊಟ್ಟಿದ್ದೀರಿ. ಸಂಜೆ ವಿಮಾನಕ್ಕೆ ಮಾಲೀಕರನ್ನ ಕರ್ಕೊಂಡು ಬರೋಕೆ ಏರ್‌ಪೋರ್ಟಿಗೆ ಹೋಗಿದ್ರಿ."

"ಹೌದು."

"ವಿಮಾನ ಇಳೀತಾ?"

"ಇಳೀತು. ಸರಿಯಾದ ಟೈಮಿಗೆ. ಕರ್ಕೊಂಡು ಮನೆಗೆ ಬಿಟ್ಟೆ."

"ನನ್ನ ಅಂಗಿಯ ಗುಂಡಿ ಅವತ್ತು ಕಿತ್ತುಹೋಯ್ತು, ಗೊತ್ತಾ?" ಎಂದರು ಮೇಡಂ. "ಯಾಕೆ ಅಂದ್ರೆ, ಮೋಡ ಕವಿದು ಸಂಜೆಯ ಒಂದೂ ವಿಮಾನ ಇಳೀಲಿಲ್ಲ. ಎಲ್ಲಾ ಬೇರೆ ಊರಿಗೆ ಹೋದವು. ಕಾಯ್ತಿದ್ದವರು ಕೌಂಟರ್ ಮೇಲೆ ಹತ್ತಿ ಗಲಾಟೆ ಮಾಡಿದ್ರು. ಬಿಡಿಸೋಕೆ ಹೋದವಳು ನಾನೇ. ನಿಮ್ಮ ಮಾಲೀಕರು ಯಾವ ವಿಮಾನದಿಂದ ಇಳಿದ್ರು, ಹಾರಿ ಬಂದ್ರಾ?"

ಕೈಗೊಂಚಲು ನೆಲಕ್ಕೆ ಬಿತ್ತು. ಆ ಸದ್ದು ಮಹಡಿಗಳನ್ನು ಇಳಿದುಕೊಂಡು ಹೋಯಿತು.

ಅವರು ಗೋಡೆಗೊರಗಿ ಕುಸಿದು ಕೂತರು. ಮಾತಾಡಿದ್ದು ನನ್ನ ಜೊತೆ.

"ಏಣಿ ಹಿಡ್ಕೊಂಡಿದ್ದು ನಾನೇ, ಡ್ರೈವರೇ. ಅನುಮತಿ ಇರೋ ಎತ್ತರಕ್ಕೇ ದೀಪ ಇಡಿಸು ಅಂತ ಮಾಲೀಕರು ಹೇಳಿದ್ರು. ದೂರದಿಂದ ನೋಡೋರಿಗೆ ದೀಪ ಇರೋ ಕಡೆಗೇ ಕಟ್ಟಡ ಮುಗೀತು ಅನ್ನಿಸಲಿ ಅಂತ. ನಾನು ಇಡಿಸಿದ್ದೆ. ನಿಮ್ಮ ಭಾವ ಬಂದು ನೋಡಿದ್ರು. 'ಮನುಷ್ಯರಿಗೆ ಏನಾದ್ರೂ ಹೇಳ್ಕೊಳ್ಳಿ, ವಿಮಾನಕ್ಕೆ ಸುಳ್ಳು ಹೇಳಬೇಡಿ' ಅಂದ್ರು. ದೀಪ ಎಳೆದುಕೊಳ್ಳೋಕೆ ಹಗ್ಗ ಕಟ್ಟಿ ಬರ್ತೀನಿ ಅಂತ ಮೊದಲು ಬರಿಗೈಲಿ ಮೇಲೆ ಹತ್ತಿದ್ರು."

"ಕುಡಿದಿದ್ರಾ?" ನನ್ನ ಬಾಯಿಂದ ಹೇಗೆ ಬಂತೋ.

"ಇಲ್ಲ."

ಒಂದೇ ಪದ. ಎರಡು ತಿಂಗಳಿಂದ ಅಕ್ಕ ಕಾದಿದ್ದು ಈ ಪದಕ್ಕೆ. ಅವಳು ಇಲ್ಲಿರಲಿಲ್ಲ.

"ವಾಸನೆ ಬರೋ ಹಾಗೆ ಆಮೇಲೆ ಮಾಡಿದ್ರು. ಯಾರು ಅಂತ ಕೇಳಬೇಡಿ."

"ನೀವು ಏಣಿ ಅಲ್ಲಾಡಿಸಿದ್ರಾ?" ಮೇಡಂ ಕೇಳಿದರು.

"ನನ್ನ ಮಕ್ಕಳಾಣೆ, ಇಲ್ಲ! ಅವರು ಏಣಿ ದಾಟಿ ಮೇಲೆ ನಿಂತಾಗಿತ್ತು. ಮೇಲೆ ಯಾರೋ ಇದ್ರು ಮೇಡಂ. 'ನೀವಿಲ್ಲಿ ಏನು ಮಾಡ್ತಿದ್ದೀರಿ?' ಅಂತ ಇವರು ಕೇಳಿದ್ದು ನನಗೆ ಸ್ಪಷ್ಟ ಕೇಳಿಸ್ತು. ಉತ್ತರ ಕೇಳಿಸ್ಲಿಲ್ಲ. ಆಮೇಲೆ ಇವರು ಕಟ್ಟಡದ ಹೊರಗಡೆಯಿಂದ, ನನ್ನ ಎದುರಲ್ಲೇ ಕೆಳಗೆ ಬಿದ್ರು. ನಾನು ಓಡಿಹೋದೆ. ಮೇಲಿದ್ದವರು ಇಳಿದದ್ದು ನೋಡ್ಲಿಲ್ಲ."

"ಇದನ್ನೆಲ್ಲ ಬರೆದು ಸಹಿ ಹಾಕಿ."

"ಹಾಕಲ್ಲ." ಅವರು ತಲೆ ಅಲ್ಲಾಡಿಸಿದರು. "ಮೇಲಿದ್ದೋರು ಯಾರು ಅಂತ ನೀವು ಹೇಳಿ, ಆ ಕ್ಷಣ ಸಹಿ ಹಾಕ್ತೀನಿ. ಅಲ್ಲಿವರೆಗೆ ನಾನು ಏನೂ ಹೇಳಿಲ್ಲ. ನೀವೂ ಕೇಳಿಲ್ಲ."

ನಾನು ಚೌಕದ ಬಾಯಿಯ ಕೆಳಗೆ ಹೋಗಿ ನಿಂತೆ. ಭಾವ ಕೊನೆಯ ಸಲ ನೋಡಿದ ಆಕಾಶದ ತುಂಡು ಅದೇ. ಗಾಳಿ ತಿರುಗಿತು. ದೀಪದ ಕಂಬದ ಬುಡದಲ್ಲಿ ಏನೋ ಪಟಪಟ ಎಂದಿತು. ಒಂದು ಬಟ್ಟೆ ಚೂರು.

ಹಸಿರು. ಅದರ ಮೇಲೆ ಹಳದಿ ಚುಕ್ಕಿ.

ನಾನೇ ತಂದ ಪರದೆ. ಹೋದ ತಿಂಗಳು ತಂದದ್ದು. ಭಾವ ಆ ಪರದೆಯನ್ನು ಕಣ್ಣಿನಿಂದ ನೋಡಿಯೂ ಇರಲಿಲ್ಲ.

ಹೇಳಬೇಕೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದದ್ದು ಮೇಡಂಗೆ ಬೆನ್ನಿನಿಂದಲೇ ಗೊತ್ತಾಯಿತೇನೋ. "ಫೋನ್ ಮಾಡಿ. ಸ್ಪೀಕರ್ ಹಾಕಿ" ಎಂದರು.

ಅಕ್ಕ ಫೋನ್ ಎತ್ತಿದಳು.

"ಅಕ್ಕಾ, ಪರದೆ ಏನಾಯ್ತು?"

ಅಕ್ಕ ಮೆಲ್ಲಗೆ ಕೇಳಿದಳು: "ನೋಡಿಬಿಟ್ಯಾ?"

"ಯಾಕಕ್ಕಾ! ಒಬ್ಬಳೇ! ಬೀಗ ಹಾಕಿರೋ ಕಡೆ ಹೇಗೆ ಬಂದೆ?"

"ಹಿಂದಿನ ತಗಡಲ್ಲಿ ಸಂದಿ ಇದೆ, ಅವರು ಸ್ಕೂಟರ್ ನಿಲ್ಲಿಸ್ತಿದ್ದ ಕಡೆ. ಬುತ್ತಿ ಕೊಡೋಕೆ ಅಲ್ಲಿಂದಲೇ ಬರ್ತಿದ್ದೆ." ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಅವರು ಮೇಲಿಡಬೇಕು ಅಂತಿದ್ದ ದೀಪ ಕಣೋ. ಕೆಳಗಿದ್ರೆ ಅವರಿಗೆ ನೆಮ್ಮದಿ ಇರುತ್ತಾ? ಎತ್ಕೊಂಡು ಹತ್ತಿದೆ. ಮಗೂನ ಎತ್ತಿದ ಹಾಗಿತ್ತು. ಬಟ್ಟೆ ಕಟ್ಟಿ ಇಳಿದೆ."

ದೆವ್ವವಿಲ್ಲ, ಗಿವ್ವವಿಲ್ಲ. ನನ್ನ ಅಕ್ಕ. ಮೇಡಂ ಮಾತ್ರ ಫೋನಿನ ಹತ್ತಿರ ಬಾಗಿದರು.

"ಅಮ್ಮಾ, ಏಣಿ ಇಲ್ಲದೆ ನೆತ್ತಿಗೆ ಹೇಗೆ ಹತ್ತಿದ್ರಿ?"

"ನೆತ್ತಿಗಾ?" ಅಕ್ಕ ತಡವರಿಸಿದಳು. "ಇಲ್ಲಮ್ಮಾ. ಮೆಟ್ಟಿಲು ಮುಗಿಯೋ ಮಹಡಿ ತನಕ ಅಷ್ಟೇ. ಹೋದ ವಾರ. ಒಂದೇ ಸಲ. ಅಲ್ಲಿಂದ ಮೇಲೆ ನೋಡಿದಾಗ ಮೈ ನಡುಗಿತು, ಅಂಚಿಗಿಟ್ಟು ಬಂದ್ಬಿಟ್ಟೆ. ಯಾಕೆ, ದೀಪ ಎಲ್ಲಿ..."

ವಿಮಾನ ಬಂತು. ಮೊದಲು ಫೋನಿನಲ್ಲಿ, ಅಕ್ಕನ ಮನೆಯ ಮೇಲೆ. ಕೆಂಪು ಗಾಜುಗಳ ಗಲಗಲವೂ ಕೇಳಿಸಿತು. ಆಮೇಲೆ ಅದೇ ವಿಮಾನ ನಮ್ಮ ಮೇಲೆ ಬಂತು. ಕಟ್ಟಡದ ಮೈಯೆಲ್ಲ ಗುಂಯ್‌ಗುಟ್ಟಿತು. ಅಲ್ಲಿ ಅಕ್ಕ ಮಾತು ನಿಲ್ಲಿಸಿ ಕಾಯುತ್ತಿದ್ದಳು, ಇಲ್ಲಿ ನಾವು.

ಕಾಯುತ್ತಾ ಮೇಲೆ ನೋಡಿದೆ.

ಸುಡುಬಿಸಿಲು. ಆಕಾಶದಲ್ಲಿ ಒಂದು ಎಳೆ ಮೋಡವೂ ಇರಲಿಲ್ಲ. ವಿಮಾನದ ನೆರಳು ಯಾವಾಗಲೋ ದಾಟಿ ಹೋಗಿತ್ತು.

ದೀಪ ಹೊತ್ತಿಕೊಂಡಿತು.

ಕೆಂಪಗೆ, ನಿಶ್ಚಲವಾಗಿ. ಆರಲಿಲ್ಲ. ಇಂಜಿನಿಯರ್ ಮುಖ ಮುಚ್ಚಿಕೊಂಡರು. ಮೇಡಂ ಕೈ ಸೊಂಟದ ಪಿಸ್ತೂಲಿಗೆ ಹೋಯಿತು. ಫೋನಿನಲ್ಲಿ ಅಕ್ಕ, ಸದ್ದು ಅಡಗಿದ ಮೇಲೆ, ನಿಲ್ಲಿಸಿದ ಕಡೆಯಿಂದ ಮುಂದುವರಿಸಿದಳು: "...ಇದೆ ಈಗ?"

ಹಾಡುಹಗಲಲ್ಲಿ ಆ ದೀಪಕ್ಕೆ ರಾತ್ರಿಯಾಯಿತು ಅನ್ನಿಸಬೇಕಾದರೆ ಅದರ ಮೇಲೆ ಒಂದು ಅಂಗೈ ಇರಬೇಕು. ಅಲ್ಲಿ ಯಾರ ಅಂಗೈ ಇತ್ತು ಎಂದು ನೀವು ಕೇಳಿದರೆ, ನನಗೆ ಗೊತ್ತಿಲ್ಲ. ಇದನ್ನು ಬರೆಯುತ್ತಿರುವ ಈ ಹೊತ್ತಿಗೂ ಗೊತ್ತಿಲ್ಲ.